ಮನೆ ಮುಂದಿನ ಡಾಂಬರು

ಕಲ್ಲಿಗೆ ಕಾಲಿಲ್ಲ ಎನ್ನುವವರು ಸುಗ್ಗಿಯ ದಿನಗಳಲ್ಲಿ ಮುಂಡಗೋಡದಿಂದ ಟಿಬೆಟನ್ ಕಾಲೊನಿಗೆ ಹೋಗುವ ರಸ್ತೆಗೊಮ್ಮೆ ಬಂದು ನೋಡಬೇಕು. ಅಲ್ಲಿ ಮಲಕಪ್ಪನ ಕಲ್ಲುಗಳು ದಿನಕ್ಕೊಂದು ಮೊಳ ನಡೆಯುತ್ತವೆ.

ಆ ಓಣಿಯಲ್ಲಿ ಯಾರಿಗೂ ಕಣವಿಲ್ಲ. ಎಲ್ಲರ ಗೋವಿನಜೋಳ ಒಣಗುವುದೂ ಡಾಂಬರು ರಸ್ತೆಯ ಮೇಲೇ. ಮುಂಡಗೋಡದಿಂದ ಬರುವಾಗ ಎಡಕ್ಕೆ ನಾಲ್ಕು ಮನೆ. ಹಾಗಾಗಿ ರಸ್ತೆಯ ಎಡ ಅರ್ಧ ಕಾಳಿಗೆ, ಬಲ ಅರ್ಧ ಗಾಡಿಗೆ. ಯಾರ ಮನೆ ಮುಂದಿನ ಡಾಂಬರೋ ಅದು ಅವರದು. ಎರಡೂ ತುದಿಗೆ ಸುಣ್ಣ ಬಳಿದ ಕಲ್ಲಿಟ್ಟರೆ ಅದೇ ಪಹಣಿ. ರಸ್ತೆ ಸರಕಾರದ್ದು ಎಂಬ ಸಂಗತಿ ಸರಕಾರಕ್ಕೆ ಮಾತ್ರ ಗೊತ್ತಿತ್ತು.

ಮೊದಲ ಮನೆ ಮಲಕಪ್ಪನದು. ಐದು ವರ್ಷದ ಹಿಂದೆ ಅವನಿಗಿದ್ದದ್ದು ಒಂದು ಜೋಡಿ ಎತ್ತು. ಈಗ ಟ್ರ್ಯಾಕ್ಟರ್, ಕಾಳು ಬಿಡಿಸುವ ಮಷೀನು, ಊರು ಮುಚ್ಚುವಷ್ಟು ತಾಡಪತ್ರಿ. ಎರಡನೆಯ ಮನೆಯ ಅಡಿವೆಯ್ಯನವರಿಗೆ ಮಷೀನಿನ ಪಾಳಿ ಮೊದಲು ಕೊಟ್ಟ. ಅವರ ಮನೆ ಮುಂದೆ ಅವನ ಕಾಳು ಬಂತು. ಮೂರನೆಯ ಮನೆಯ ರುಕ್ಮಾಳಿಗೆ ತಾಡಪತ್ರಿ ಕೊಟ್ಟ, ಅಲ್ಲಿಯೂ ಬಂತು. ಉಳಿದದ್ದು ಕೊನೆಯ ಮನೆ, ಇಮಾಮಸಾಬನದು. ಅದರಾಚೆ ಮನೆಗಳಿಲ್ಲ, ಎಡಕ್ಕೆ ಹುಣಸೆಮರಗಳ ದಟ್ಟ ನೆರಳು. ನೆರಳಿನಲ್ಲಿ ಕಾಳು ಯಾರು ಹರವುತ್ತಾರೆ?

ಇಮಾಮಸಾಬನ ಎರಡೆಕರೆಯ ಜೋಳ ಮೊನ್ನೆ ಅಡ್ಡಮಳೆಗೆ ತೊಯ್ದು ಪಡಸಾಲೆಯಲ್ಲಿ ರಾಶಿ ಬಿದ್ದಿತ್ತು. ಬೆಳಿಗ್ಗೆ ಅವನ ಹೆಂಡತಿ ದಿಲಶಾದ ರಾಶಿಯೊಳಗೆ ಕೈಯಿಟ್ಟವಳು ಒಲೆಯೊಳಗಿಟ್ಟಂತೆ ಹಿಂದಕ್ಕೆಳೆದಳು. ಕಾಳು ಕಾವೇರಿತ್ತು, ಹುಳಿವಾಸನೆಯೂ ಶುರುವಾಗಿತ್ತು. ಇವತ್ತು ಬಿಸಿಲು ಕಾಣದಿದ್ದರೆ ನಾಳೆ ಮೊಳಕೆ, ನಾಡಿದ್ದು ತಿಪ್ಪೆ. ಬುಟ್ಟಿ ಹೊತ್ತು ಹೊರಬಂದ ಇಮಾಮಸಾಬ ನೋಡುತ್ತಾನೆ, ಮಲಕಪ್ಪನ ಕಲ್ಲು ತನ್ನ ಹೊಸ್ತಿಲಿಗೆ ನೇರವಾಗಿ, ಮಾವನ ಮನೆಗೆ ಉಣ್ಣಲು ಬಂದ ಅಳಿಯನಂತೆ ಕೂತಿದೆ. ಅರ್ಧ ಜಾಗ ಹೋಗಿತ್ತು.

ಇಮಾಮಸಾಬನಿಗೆ ಸಿಟ್ಟು ಬಂದರೆ ಮೊದಲು ಕಿವಿ ಕೆಂಪಾಗುತ್ತದೆ, ಆಮೇಲೆ ಮಾತು ನಿಲ್ಲುತ್ತದೆ. ಎರಡೂ ಆದ ಮೇಲೆ ಅವನು ಮಲಕಪ್ಪನ ಅಂಗಳಕ್ಕೆ ನಡೆದ. ಮಲಕಪ್ಪ ಎದ್ದು ಬಂದು ಅಪ್ಪಿಕೊಂಡ. ಅವನು ಮಾತಾಡುವುದೆಂದರೆ ಬೆಲ್ಲದ ಪಾಕ ಕೊಡದಿಂದ ಸುರಿದ ಹಾಗೆ, ಎಲ್ಲಿ ಮುಗಿಯಿತೆಂದು ತಿಳಿಯುವುದಿಲ್ಲ.

"ನಾವು ನೀವು ಬ್ಯಾರೇನ ಇಮಾಮಣ್ಣಾ? ನಿನ್ನ ಕಾಳೂ ನನ್ನ ಕಾಳೂ ಒಂದ ಬಿಸಲಿಗೆ ಒಣಗತಾವು. ನಿನಗ ತಾಡಪತ್ರಿ ಬೇಕೇನು?"

"ನನಗ ನನ್ನ ಡಾಂಬರು ಬೇಕು," ಎಂದ ಇಮಾಮಸಾಬ.

ಮಲಕಪ್ಪ ನಕ್ಕು ಚಹಾ ತರಿಸಿದ. ಕಲ್ಲಿನ ಮಾತು ಮಾತ್ರ ಬರಲಿಲ್ಲ. ಇಮಾಮಸಾಬ ಚಹಾ ಮುಟ್ಟದೆ ಎದ್ದು, ಓಣಿಯವರನ್ನು ಒಗ್ಗೂಡಿಸಲು ಹೊರಟ. ಅಡಿವೆಯ್ಯನವರು ಅನ್ಯಾಯ ಅನ್ಯಾಯವೆಂದು ತಲೆ ಅಲ್ಲಾಡಿಸಿದರು, ಆದರೆ ಇನ್ನೂ ಹತ್ತು ಚೀಲ ತೆನೆ ಬಿಡಿಸುವುದಿದೆಯಲ್ಲ ಎಂದು ದನಿ ಇಳಿಸಿದರು. ರುಕ್ಮಾ ದನಿ ಇಳಿಸುವವಳಲ್ಲ.

"ಅವ ಎಂಥವ ಅಂತ ನನಗೂ ಗೊತ್ತೈತಿ, ಅಣ್ಣಾ. ಆದ್ರ ಮೊನ್ನಿ ಮಳಿ ಬಂದಾಗ ಅವ ತಾಡಪತ್ರಿ ತಂದ. ನೀ ತಂದಿದ್ದು ಬರೇ ಸಿಟ್ಟು. ಸಿಟ್ಟು ಹೊಚ್ಚಿದ್ರ ಕಾಳು ತೊಯ್ಯೂದು ಬಿಡತೈತೇನು?"

ಇಮಾಮಸಾಬನ ಕಿವಿ ಇನ್ನಷ್ಟು ಕೆಂಪಾಯಿತು. ಅವನನ್ನು ಗೋಡೆಯ ಮರೆಗೆ ಕರೆದು ಅಡಿವೆಯ್ಯನವರೇ ಉಪಾಯ ಹೇಳಿದರು: "ಹುಲಿ ಓಡಸಾಕ ಕುರಿ ಹಿಂಡು ಕಟ್ಟಬ್ಯಾಡೋ. ಇನ್ನೊಂದು ಹುಲಿ ಕರಕೊಂಡು ಬಾ."

ಇನ್ನೊಂದು ಹುಲಿ ಪಕ್ಕದ ಊರಿನ ನಾಗಲಿಂಗಪ್ಪ. ಎರಡು ಟ್ರ್ಯಾಕ್ಟರ್ ಅವನದು, ಮಲಕಪ್ಪನ ಹೆಸರು ಕೇಳಿದರೆ ಉಗುಳುತ್ತಾನೆಂದು ಪ್ರತೀತಿ. ಇಮಾಮಸಾಬ ಟಿವಿಎಸ್ ಹತ್ತಿ ಹೋಗಿ ಗೋಳು ತೋಡಿಕೊಂಡ. ನಾಗಲಿಂಗಪ್ಪ ಮಲಕಪ್ಪನಿಗೆ ತದ್ವಿರುದ್ಧ: ಗುಡುಗಿನ ಗಂಟಲು, ಬಾಯಲ್ಲಿ ಒಂದೇ ಮಾತು. ಅನ್ಯಾಯ ಹೇಳಿದಾಗ ಉಗುಳಿ "ಆತು" ಎಂದ. ನೀವೇ ಬರಬೇಕು ಎಂದಾಗಲೂ "ಆತು" ಎಂದ. ನಿಮ್ಮ ಊರಿನ ರಸ್ತೆಯಲ್ಲಿ ಬಿಸಿಲು ಹೇಗೆ ಬೀಳುತ್ತದೆ ಎಂದು ಮಾತ್ರ ಒಮ್ಮೆ ವಿಚಾರಿಸಿದ. ನ್ಯಾಯ ಹೇಳಲು ಬರುವವನಿಗೆ ಬಿಸಿಲಿನ ಉಸಾಬರಿ ಯಾಕೆಂದು ಇಮಾಮಸಾಬನಿಗೆ ಹೊಳೆಯಲಿಲ್ಲ.

ಹತ್ತು ಗಂಟೆಗೆ ನಾಗಲಿಂಗಪ್ಪ ಬಂದ. ಖಾಲಿ ಕೈಯಲ್ಲಿ ಬರಲಿಲ್ಲ, ಟ್ರೇಲರ್ ತುಂಬ ತನ್ನ ಹಸಿ ಜೋಳ ಹೇರಿಕೊಂಡೇ ಬಂದ. ಓಣಿಯ ನಡುವೆ ನಿಂತು ಅವನು ಕೂಗಿದ ಕೂಗಿಗೆ ಹುಣಸೆಮರದ ಕೋತಿಗಳು ಕಾಲೊನಿಯ ಕಡೆಗೆ ಓಡಿದವು. ಮಲಕಪ್ಪನ ಪಾಕ ಗಟ್ಟಿಯಾಯಿತು. ಇಬ್ಬರೂ ತೋಳೇರಿಸಿ ರುಕ್ಮಾಳ ಕಟ್ಟೆಯ ಮೇಲೆ ಎದುರುಬದುರು ಕೂತರು. ಇಮಾಮಸಾಬ ತಾನೂ ಕೂರಲು ಹೋದ. ದೊಡ್ಡವರು ಮಾತಾಡುವಾಗ ಚಹಾ ತರುವವರು ಯಾರು ಎಂದರು. ತಂದ. ಎರಡನೆಯ ಸಲ ತಂದಾಗ ಇಬ್ಬರೂ ಬೆರಳಿನಿಂದ ರಸ್ತೆಯ ಕಡೆ ಗೆರೆ ಎಳೆಯುತ್ತಿದ್ದರು. ಮೂರನೆಯ ಸಲಕ್ಕೆ ನಗುತ್ತಿದ್ದರು.

ಮಲಕಪ್ಪ ಎದ್ದು ತಾನೇ ಕಲ್ಲನ್ನು ಹೊತ್ತು ಇಮಾಮಸಾಬನ ಗೋಡೆಯ ತುದಿಯಾಚೆ, ರುಕ್ಮಾಳ ಮನೆಯ ಕಡೆಗೆ ಇಟ್ಟ. ಮೊಳಕ್ಕೆ ಮೊಳ ಪೂರ್ತಿ ಜಾಗ ತಿರುಗಿ ಬಂದಿತ್ತು. ನಾಗಲಿಂಗಪ್ಪನೂ ಇಮಾಮಸಾಬನ ಹೆಗಲು ತಟ್ಟಿ, ಗಂಟಲಲ್ಲೇ ಗುಡುಗಿದ:

"ನಿನ್ನ ಜಾಗದಾಗ ಇನ್ನ ಯಾವನೂ ಕಾಲಿಡಂಗಿಲ್ಲ. ನನ್ನ ಮಾತು, ಅವನ ಮಾತು."

ಇಮಾಮಸಾಬನ ಕಣ್ಣು ತುಂಬಿತು. ಗಂಡ ಹೆಂಡತಿ ಸೇರಿ ರಾಶಿಯನ್ನೆಲ್ಲ ಹೊತ್ತು ತಂದು, ಮನೆಯುದ್ದದ ಡಾಂಬರಿನ ಮೇಲೆ ತೆಳ್ಳಗೆ ಹರವಿದರು. ಕಾಳು ಬಿಸಿಲಿಗೆ ಬಿದ್ದು ಚಿನ್ನದಂತೆ ಹೊಳೆಯಿತು. ಆ ಹೊತ್ತಿಗೆ ನಾಗಲಿಂಗಪ್ಪನ ಆಳುಗಳೂ ಇಮಾಮಸಾಬನ ಮನೆ ದಾಟಿದ ಮೇಲಿನ ರಸ್ತೆಗೆ ಜೋಳ ಸುರಿದು, ಸಾಲಾಗಿ ಕಲ್ಲಿಟ್ಟರು. ಎಡಕ್ಕೆ ಹುಣಸೆಯ ನೆರಳಲ್ಲವೇ, ಅವನು ಸುರಿದದ್ದು ಬಲ ಅರ್ಧಕ್ಕೆ.

ಹನ್ನೆರಡಕ್ಕೆ ಮುಂಡಗೋಡದ ಬಸ್ಸು ಬಂತು. ಮಲಕಪ್ಪನ ಕಲ್ಲುಗಳನ್ನು ಎಡಕ್ಕೆ ಬಿಟ್ಟು ಬಲಗಡೆಯಿಂದ ನೆಟ್ಟಗೆ ಬಂದು, ಎದುರಿಗೆ ನಾಗಲಿಂಗಪ್ಪನ ಕಲ್ಲು ಕಂಡದ್ದೇ ಎಡಕ್ಕೆ ಹೊರಳಿತು. ಹೊರಳಲು ಇದ್ದದ್ದು ಒಂದೇ ಜಾಗ. ಆರು ಗಾಲಿಗಳೂ ಇಮಾಮಸಾಬನ ಚಿನ್ನದ ಮೇಲೆ ಅಡ್ಡಲಾಗಿ ಹಾದು, ನೆರಳಿನ ಕಡೆ ಸೇರಿದವು. ಹಿಂದೆಯೇ ಕಾಲೊನಿಯ ಲಾಮಾಗಳ ಕಾರು, ಅದರ ಹಿಂದೆ ಕಬ್ಬಿನ ಲಾರಿ.

ಇಮಾಮಸಾಬ ಓಡಿ ರಸ್ತೆಗೆ ಅಡ್ಡ ಕಲ್ಲಿಟ್ಟ. ಲಾರಿಯವನು ಇಳಿದು ಬಂದು, ಬೈಯದೆ, ಕಲ್ಲನ್ನು ಎತ್ತಿ ಅವನ ಕೈಗೇ ಕೊಟ್ಟ. ಇಮಾಮಸಾಬ ಆ ಕಲ್ಲು ಹಿಡಿದೇ ಕಟ್ಟೆಗೆ ಓಡಿದ. ಮಲಕಪ್ಪ ಅಪ್ಪಿಕೊಂಡು, ನಿನ್ನ ಜಾಗಕ್ಕೆ ನಾವ್ಯಾರೂ ಬಂದಿಲ್ಲವಲ್ಲಣ್ಣಾ, ಗಾಡಿ ಸರಕಾರದ್ದು ಎಂದ. ನಾಗಲಿಂಗಪ್ಪ "ಆತು" ಎಂದ. ರುಕ್ಮಾ ಮಾತ್ರ ಕಟ್ಟೆಯಿಂದಿಳಿದು ಬಂದು ಕಾಳು ಬಳಿಯಲು ದಿಲಶಾದಳ ಜೊತೆ ಕೈಜೋಡಿಸಿದಳು. ಅಷ್ಟರಲ್ಲಿ ಇನ್ನೊಂದು ಬಸ್ಸು ಬಂತು.

ಸಂಜೆ ದಿಲಶಾದ ಉಳಿದದ್ದನ್ನು ಮೊರದಲ್ಲಿ ಕೇರಿದಳು. ಕಾಳಿನ ಪಾಲು ಕಡಿಮೆ, ನುಚ್ಚಿನ ಪಾಲು ಹೆಚ್ಚು. ಕುದಿಸಿ ಗಂಡನ ಮುಂದೆ ತಾಟಿಟ್ಟಳು.

"ಉಣ್ರಿ. ಗಿರಣಿಗೆ ಹೋಗೂ ಕೆಲಸ ತಪ್ಪಿತು."

ಇಮಾಮಸಾಬ ಹೊರಗೆ ನೋಡಿದ. ಅತ್ತ ಮಲಕಪ್ಪನ ಕಾಳು, ಇತ್ತ ನಾಗಲಿಂಗಪ್ಪನ ಕಾಳು, ಎರಡೂ ತಾಡಪತ್ರಿಯ ಕೆಳಗೆ ಬೆಚ್ಚಗೆ ಮಲಗಿದ್ದವು. ಅವನು ಕಿವಿ ಕೆಂಪಗೆ ಮಾಡಿಕೊಂಡೇ ತುತ್ತು ಬಾಯಿಗಿಟ್ಟ. ಹಲ್ಲಿಗೆ ಕಟುಕ್ಕೆಂದು ಒಂದು ಹರಳು ಸಿಕ್ಕಿತು. ಉಗುಳಿ, ಅಂಗೈಯಲ್ಲಿಟ್ಟುಕೊಂಡು ದೀಪದ ಬೆಳಕಿಗೆ ಹಿಡಿದ.

ಡಾಂಬರು. ತನ್ನ ಮನೆ ಮುಂದಿನದೇ.