ಊಟಕ್ಕೆ ಜಾಗವಿಲ್ಲದ ಡಿಸ್ಕು

ಹೆಂಡತಿಯ ತಂಗಿಯ ಮದುವೆಯ ವಿಡಿಯೊವನ್ನು ಯಾವ ಗಂಡಸೂ ತೆಗೆಯಬಾರದು ಎಂಬ ಜ್ಞಾನೋದಯ ಚನ್ನಪಟ್ಟಣದ ಸ್ಟುಡಿಯೊ ಪರಮಶಿವಯ್ಯನಿಗೆ ಆದದ್ದು ತೆಗೆದ ಮೇಲೆ. ಕಂಪ್ಯೂಟರಿನಲ್ಲಿ ಹಾಕಿದರೆ ಮದುಮಗನ ಕೈ ತಾಳಿ ಸಮೇತ ಗಾಳಿಯಲ್ಲೇ ನಿಂತುಬಿಡುತ್ತಿತ್ತು.

“ಏನ್ರೀ, ನನ್ ತಂಗೀಗೆ ತಾಳಿ ಕಟ್ಟೋದು ಯಾವಾಗ? ಸಾಯಂಕಾಲ ಬೀಗಿತ್ತಿ ಬತ್ತಾರೆ!” ಎಂದಳು ಉಮಾಮಹೇಶ್ವರಿ.

ಅವಳ ಸಂಕಟ ನಿಜವಾದದ್ದು. ಮಾಗಡಿಯ ಬೀಗಿತ್ತಿ ಗಿರಿಜಾಂಬ, ಮದುವೆ ಊಟದಲ್ಲಿ ಎರಡನೇ ಒಬ್ಬಟ್ಟಿಗೆ ತನ್ನನ್ನು ಯಾರೂ ಬಲವಂತ ಮಾಡಲಿಲ್ಲವೆಂದು ಮುನಿಸಿಕೊಂಡು ಸೊಸೆಯೊಡನೆ ಮಾತು ಬಿಟ್ಟಿದ್ದಳು. ಉಮಾ ಕೈಹಿಡಿದು ಬಲವಂತ ಮಾಡಿದ್ದು ವಿಡಿಯೊದಲ್ಲಿತ್ತು. ಅದನ್ನು ತೋರಿಸಿದರೆ ತಂಗಿಯ ಸಂಸಾರ ನೆಟ್ಟಗಾಗುತ್ತದೆ.

“ಡಿಸ್ಕಿನ ತುಂಬ ಸಣ್ ಸಣ್ ಖಾನೆ ಕಣೇ. ಮದ್ವೆ ಚೂರುಚೂರಾಗಿ ಸಿಕ್ಕಿದ್ ಖಾನೇಲಿ ಕೂತೈತೆ. ಕಂಪ್ಯೂಟ್ರು ಹುಡುಕ್ಕೊಂಡು ಅಲೀತಾ ಐತೆ. ದೊಡ್ ದೊಡ್ ಖಾನೆ ಮಾಡ್ಬುಟ್ರೆ ಒಂದೇ ಕಡೆ ಆರಾಮಾಗಿ ಕೂತ್ಕೊತೈತೆ, ನೋಡ್ತಿರು.”

ಮದುವೆ ಹೇಗೂ ಕ್ಯಾಮೆರಾದ ಕಾರ್ಡಿನಲ್ಲಿತ್ತು. ಉಳಿದುದನ್ನು ಬೇರೆ ಡಿಸ್ಕಿಗೆ ಸಾಗಿಸಿ, ಫಾರ್ಮ್ಯಾಟ್ ಮಾಡುವಾಗ ಬ್ಲಾಕ್ ಸೈಜನ್ನು, ಅಂದರೆ ಖಾನೆಯ ಅಳತೆಯನ್ನು, ಇದ್ದುದರಲ್ಲೇ ದೊಡ್ಡದಕ್ಕೆ ಇಟ್ಟ. (ಛತ್ರವಾಗಲಿ ಖಾನೆಯಾಗಲಿ ದೊಡ್ಡದಿರಬೇಕೆಂಬುದು ಅವನ ಘನ ಸಿದ್ಧಾಂತ.) ಮೊದಲು ಊರವರ ಪಾಸ್‌ಪೋರ್ಟ್ ಫೋಟೊಗಳನ್ನೆಲ್ಲ ವಾಪಸು ತುಂಬಿದ. ಅವನ್ನು ಅಳಿಸುವಂತಿರಲಿಲ್ಲ, ಯಾರಾದರೂ ತೀರಿಕೊಂಡರೆ ಹಾರ ಹಾಕುವ ಫೋಟೊಗೆ ಮನೆಯವರು ಓಡಿಬರುವುದು ಅವನಲ್ಲಿಗೇ. ಆಮೇಲೆ ಕಾರ್ಡಿನಿಂದ ಮದುವೆ ಇಳಿಸಿದ. ಪರದೆಯ ಮೇಲೆ ಏನೋ ಎಚ್ಚರಿಕೆ ಬಂತು. ಓದಲು ಪುರುಸೊತ್ತಿಲ್ಲದೆ ‘ಓಕೆ’ ಒತ್ತಿದ.

ಸಂಜೆ ಗಿರಿಜಾಂಬ ಸೊಸೆಯನ್ನು ಕರೆದುಕೊಂಡು ಬಂದಳು. ವಿಡಿಯೊ ನೀರು ಕುಡಿದಷ್ಟು ಸಲೀಸಾಗಿ ಓಡಿತು. ಮದುಮಗ ಒಂದೇ ಸಲಕ್ಕೆ ತಾಳಿ ಕಟ್ಟಿದ. ಪರಮಶಿವಯ್ಯ ಮೀಸೆ ತಿರುವಿದ. ವಿಡಿಯೊದಲ್ಲಿ ಊಟಕ್ಕೆ ಎಲೆ ಹಾಕುವಷ್ಟರಲ್ಲಿ ಪರದೆ ಕಪ್ಪಾಯಿತು. ಒಂದೊಂದು ಪುಟಾಣಿ ಫೋಟೊವೂ ಛತ್ರದಂಥ ಖಾನೆಯನ್ನು ಒಬ್ಬಂಟಿಯಾಗಿ ಹಿಡಿದು ಕೂತು, ಊಟಕ್ಕೆ ಡಿಸ್ಕಿನಲ್ಲಿ ಜಾಗವೇ ಉಳಿದಿರಲಿಲ್ಲ!

“ಬಡ್ಸಿದ್ರೆ ತಾನೇ ಕಾಣಾಕೆ?” ಎಂದಳು ಗಿರಿಜಾಂಬ.

ಉಮಾ ಗಂಡನನ್ನು ದುರುಗುಟ್ಟಿ ನೋಡಿ, ಒಳಗಿನಿಂದ ಬಿಸಿ ಒಬ್ಬಟ್ಟು ತಂದು ಬಡಿಸಿದಳು. “ಅಕ್ಕಾ, ಒಂದಾಯ್ತು, ಇನ್ನೊಂದು. ನನ್ನಾಣೆ, ಬ್ಯಾಡ ಅನ್ಬ್ಯಾಡಿ.”

ಎರಡನೆಯದೂ ತುಪ್ಪದೊಡನೆ ಇಳಿಯಿತು. ಗಿರಿಜಾಂಬ ಸೊಸೆಯ ತಟ್ಟೆಗೂ ಒಂದು ಹಾಕಿ, “ತಿನ್ನವ್ವ” ಎಂದಳು. ಉಮಾಗೆ ಹೋದ ಜೀವ ಬಂದಂತಾಯಿತು.

“ಪರಮಶಿವಯ್ಯನೋರೇ, ಇದ್ನ ತಗೀರಿ. ನಾಳಿಕ್ ನಾನೇ ತಿಂದಿಲ್ಲ ಅಂದ್ಬುಟ್ಟೇನು!” ಎಂದು ಬೀಗಿತ್ತಿ ನಕ್ಕಳು.

ಪರಮಶಿವಯ್ಯ ಕ್ಯಾಮೆರಾ ಎತ್ತಿದ. ಕಾರ್ಡು ತುಂಬಿದೆ ಎಂದಿತು. ಹುರುಪಿನಲ್ಲಿ ಎಲ್ಲ ಅಳಿಸಿ, ಬೀಗಿತ್ತಿ ಬೇಡ ಬೇಡ ಎನ್ನುತ್ತಲೇ ಮೂರನೆಯದನ್ನು ಮುರಿಯುವುದನ್ನು ಚೆಂದಾಗಿ ಹಿಡಿಯತೊಡಗಿದ.

“ಅಂತೂ ಬಚಾವಾದ್ವಿ” ಎಂದಳು ಉಮಾ ಅವನ ಕಿವಿಯ ಹತ್ತಿರ. “ಮದ್ವೆ ಊಟದ್ದು ಕಾರ್ಡಲ್ಲೇ ಐತಲ್ಲ, ನಿಧಾನಕ್ಕೆ ಇಳಿಸ್ಕೊಂಡ್ರಾಯ್ತು.”

ಪರಮಶಿವಯ್ಯ ಕ್ಯಾಮೆರಾವನ್ನು ಕಣ್ಣಿನಿಂದ ಕೆಳಗಿಳಿಸಲೇ ಇಲ್ಲ.