ನಾನು ತಿನ್ನದ ಒಂದು ಚಿಟಿಕೆ

ನಮ್ಮ ಮನೆಯ ಕೋಳಿಗಳಿಗಿಂತ ಮೊದಲು ಕೋಳಿ ಫೀಡು ತಿನ್ನುವವಳು ನಮ್ಮಕ್ಕ. ನಂಬದಿದ್ದರೆ ಸಿ.ಎಸ್. ಪುರದಲ್ಲಿ ಯಾರನ್ನಾದರೂ ಕೇಳಿ.

ಸೋಯಾ ಹಿಂಡಿ ಬೇಡ, ಗುಬ್ಬಿಯ ಗಾಣದ ಕೊಬ್ಬರಿ ಹಿಂಡಿ, ಕಡಲೆಕಾಯಿ ಹಿಂಡಿ, ತೋಟದ ನುಗ್ಗೆಸೊಪ್ಪಿನ ಪುಡಿ ಹಾಕಿಯೇ ಮೊಟ್ಟೆ ಇಡಿಸುತ್ತೇನೆ ಎಂದು ಹಟ ಹಿಡಿದವಳು ಅವಳು. ವಾರಕ್ಕೊಮ್ಮೆ ಫೀಡು ಕಲಸಿ, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಮದುವೆಮನೆ ಅಡುಗೆಭಟ್ಟರ ಹಾಗೆ ಕಣ್ಣು ಮುಚ್ಚಿ ನಿಲ್ಲುತ್ತಾಳೆ. "ನಾನು ತಿನ್ನದೇ ಇರೋದ್ನ ಅವ್ಯಾಕೆ ತಿನ್ಬೇಕು?" ಎಂಬುದು ಅವಳ ನ್ಯಾಯ.

"ಏನಮ್ಮಾ, ನೀನ್ ಯಾವಾಗ ಮೊಟ್ಟೆ ಇಡೋದು?" ಎಂದು ಪಕ್ಕದ ತೋಟದವರು ಒಮ್ಮೆ ಕೆಣಕಿದರು.

"ಮೊದ್ಲು ನಿಮ್ಮನೆ ಕೋಳಿ ಇಡ್ಲಿ ಬುಡಣ್ಣ," ಎಂದಳು ಅಕ್ಕ.

ಒಂದು ಸಲ ಕಲಸುವ ದಿನ ಸೋಮವಾರ ಬಂತು. ಸೋಮವಾರ ಅಕ್ಕನಿಗೆ ಉಪವಾಸ. ಕೋಳಿ ಫೀಡೂ ಅವಳ ಪಾಲಿಗೆ ಊಟವೇ. ಹಾಗಾಗಿ ಕೆಲಸ ನನಗೆ ಬಿತ್ತು.

"ರುಚಿ ನೋಡ್ದೇನೋ?"

"ನೋಡ್ದೆ ಬುಡಕ್ಕ, ಚೆನ್ನಾಗೈತೆ."

ನೋಡಿರಲಿಲ್ಲ. ನಾನೇನು ಕೋಳಿಯೇ?

ಮೂರನೆಯ ದಿನಕ್ಕೆ ಕೋಳಿಗಳು ಫೀಡಿನ ತೊಟ್ಟಿಗೆ ಬೆನ್ನು ಹಾಕಿ ನಿಂತವು. ಮೊಟ್ಟೆ ಬುಟ್ಟಿಯ ತಳ ಕಾಣತೊಡಗಿತು. ಅಕ್ಕ ಸೋಯಾ ಬಿಟ್ಟು ಹಿಂಡಿ ಬದಲಿಸಿದ್ದಕ್ಕೆ ತನ್ನನ್ನೇ ಬೈದುಕೊಂಡಳು. "ನೀನು ರುಚಿ ನೋಡಿದೀಯಲ್ಲ, ಕಲಸಿದ್ರಲ್ಲಿ ತಪ್ಪಿರಲ್ಲ. ನನ್ ಹಟಾನೇ ತಪ್ಪು ಕಣೋ." ಕುಣಿಗಲ್ಲಿನ ಮಾಂಸದ ವ್ಯಾಪಾರಿಗೆ ಫೋನು ಮಾಡಿ, ಶುಕ್ರವಾರ ಬಂದು ಎಲ್ಲವನ್ನೂ ಒಯ್ಯಲು ಹೇಳಿಬಿಟ್ಟಳು.

ಗುರುವಾರ ಕೊಟ್ಟಿಗೆಗೆ ಹೋದೆ. ಕೊಬ್ಬರಿ ಹಿಂಡಿಯ ಚೀಲದ ಹೊಲಿಗೆ ಬಿಚ್ಚಿರಲೇ ಇಲ್ಲ. ಬಾಯಿ ತೆರೆದಿದ್ದುದು ತೆಂಗಿನ ಬುಡಕ್ಕೆ ಗೊಬ್ಬರವೆಂದು ತಂದಿದ್ದ ಹೊಂಗೆ ಹಿಂಡಿಯ ಚೀಲ. ವಿಷದಂಥ ಕಹಿ ಅದು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನಾದರೂ ಚೀಲದ ಮೇಲಿನ ಅಕ್ಷರ ಓದಲು ನನಗೆ ಬರುತ್ತದೆ. ಓದಿರಲಿಲ್ಲ, ಅಷ್ಟೆ. ಇಡೀ ದಿನ ಅಕ್ಕನ ಹಿಂದೆ ಮುಂದೆ ಸುಳಿದಾಡಿದೆ.

ಶುಕ್ರವಾರ ಬೆಳಿಗ್ಗೆ ವ್ಯಾನು ಬಂತು. ವ್ಯಾಪಾರಿ ಕೋಳಿಗಳನ್ನು ಹಿಡಿಹಿಡಿದು ಕಾಲು ಕಟ್ಟುತ್ತಿದ್ದ. ಅಕ್ಕ ಅತ್ತ ನೋಡದೆ, ಒಣಗಿದ ನುಗ್ಗೆಸೊಪ್ಪನ್ನು ಸುಮ್ಮನೆ ಬಿಡಿಸುತ್ತಾ ಕೂತಿದ್ದಳು. ಮೊದಲ ಕಟ್ಟು ವ್ಯಾನಿನೊಳಕ್ಕೆ ಹೋಗುವುದರಲ್ಲಿತ್ತು.

"ಅಕ್ಕ, ತಡಿಯಕ್ಕ. ಅವತ್ತು ನಾನು ರುಚಿ ನೋಡ್ಲಿಲ್ಲ. ಹೊಂಗೆ ಹಿಂಡಿ ಕಲಸ್ಬುಟ್ಟೆ."

ವ್ಯಾಪಾರಿಯ ಕೈ ನಿಂತಿತು. ಅಕ್ಕ ಎದ್ದು ಬಂದಳು. ನಾನು ಕೆನ್ನೆ ಸಿದ್ಧ ಮಾಡಿಕೊಂಡು ನಿಂತೆ.

"ಒಂದ್ ಚಿಟಿಕೆನೂ ತಿನ್ಲಿಲ್ವಾ?"

"ಇಲ್ಲಕ್ಕ."

"ನಿಜ ಹೇಳು."

"ಸತ್ಯವಾಗ್ಲೂ ಇಲ್ಲ."

ಅಕ್ಕ ಉಸಿರು ಬಿಟ್ಟಳು. "ಸದ್ಯ. ತಿಂದಿದ್ರೆ ನಿನ್ ಹೊಟ್ಟೆ ಗತಿ ಏನಾಗ್ತಿತ್ತೋ," ಎಂದು ನನ್ನ ಹೊಟ್ಟೆಯನ್ನೊಮ್ಮೆ ಮುಟ್ಟಿ ನೋಡಿ, ಕೋಳಿಗಳ ಕಾಲಿನ ಹಗ್ಗ ಬಿಚ್ಚಲು ಕೂತಳು.