ಅತ್ತೆಯ ಇಂಟರ್ನೆಟ್ ಕಾನೂನು

ಇಂಟರ್ನೆಟ್ಟಿನಲ್ಲಿ ಮಕ್ಕಳನ್ನು ಕಾಯುವ ಕಾನೂನನ್ನು ಸರ್ಕಾರಕ್ಕಿಂತ ಮೊದಲೇ ಮಾಡಿದವಳು ನನ್ನ ಸೋದರತ್ತೆ. ನಗಬೇಡಿ! ಅವಳಿಗೆ ಇಂಗ್ಲಿಷಿನ ಒಂದಕ್ಷರವೂ ಬರುತ್ತಿರಲಿಲ್ಲ ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ.

ಹೈದರಾಬಾದಿನಲ್ಲಿ ಕಂಡಕಂಡವರೆಲ್ಲ ಕಂಪ್ಯೂಟರ್ ಕಲಿಯುತ್ತಿದ್ದ ಕಾಲ ಅದು. ಬೀದರ್ ಕಡೆಯ ನಮ್ಮ ಅತ್ತೆ ಮೆಹದಿಪಟ್ಟಣಂನಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಇಂಟರ್ನೆಟ್ ಸೆಂಟರ್ ತೆರೆದಳು. ಎಲ್ಲ ಕಡೆ ಇರುವಂತೆ ಬಡಗಿ ಇಲ್ಲೂ ಪ್ಲೈವುಡ್ ಗೂಡು ಮಾಡಿ ಪರದೆ ಕಟ್ಟಿ ಹೋದ. ಅತ್ತೆ ಸಂಜೆಯೊಳಗೆ ಎಲ್ಲವನ್ನೂ ಕೀಳಿಸಿದಳು. ಓದುವ ಮಕ್ಕಳಿಗೆ ಪರದೆ ಯಾಕೆ ಬೇಕು?

ಎರಡನೆಯ ಕಾನೂನು ಇನ್ನೂ ಕಠಿಣ. ಮಕ್ಕಳು ಚಾಟ್ ಮಾಡುವಾಗ ಅತ್ತಲಿನವರು ಬರೆದದ್ದನ್ನು ಮೊದಲು ಅವಳಿಗೆ ಕನ್ನಡದಲ್ಲೋ ಹಿಂದಿಯಲ್ಲೋ ಗಟ್ಟಿಯಾಗಿ ಹೇಳಬೇಕು, ಉತ್ತರ ಆಮೇಲೆ. ಒಮ್ಮೆ ಪಕ್ಕದ ಮನೆಯ ಹುಡುಗಿ, ಯಾರೋ ತನ್ನ ವಯಸ್ಸು, ಊರು ಕೇಳುತ್ತಿದ್ದಾನೆ ಎಂದಳು. ಅತ್ತೆ ಬೇಳೆ ಆರಿಸುತ್ತಲೇ, "ಹೆಣ್ಣು ನೋಡಾಕ ಬರ್ತಾನಂತೇನು? ಅವರವ್ವನ ಕಡಿಂದ ಫೋನ್ ಮಾಡಸಂತ ಹೇಳು" ಎಂದಳು. ಆಸಾಮಿ ಮತ್ತೆ ಬರಲಿಲ್ಲ.

ಬಂದವರ ಗುರುತಿನ ಚೀಟಿ ನೋಡಬೇಕೆಂಬ ಸರ್ಕಾರಿ ನಿಯಮ ಬಂದದ್ದು ಆಮೇಲೆ. ಅದನ್ನು ತಿಳಿಸಲು ಬಂದ ಪೇದೆಯ ಬಳಿಯೇ ಅತ್ತೆ ಚೀಟಿ ಕೇಳಿದಳು. ಪಾಪ, ಮರೆತು ಬಂದಿದ್ದ. ತರುವವರೆಗೆ ಅವನನ್ನು ಹೊಸ್ತಿಲು ದಾಟಿಸಲಿಲ್ಲ!

ನನಗಾಗ ಹದಿನಾಲ್ಕು. ಹದಿನಾರು ವರ್ಷದ ಹುಡುಗನೆಂದು ಹೇಳಿಕೊಂಡವನೊಬ್ಬ ಚಾಟಿನಲ್ಲಿ ಪರಿಚಯವಾಗಿದ್ದ. ಅವನ ಸಿಹಿ ಮಾತುಗಳನ್ನೆಲ್ಲ ನಾನು ಅತ್ತೆಗೆ ಗಣಿತದ ಪಾಠವೆಂದು ಅನುವಾದಿಸುತ್ತಿದ್ದೆ. ಒಂದು ದಿನ ಅವನು, ಶನಿವಾರ ಕೋಠಿ ಬಜಾರಿಗೆ ಒಬ್ಬಳೇ ಬಾ, ಮನೆಯಲ್ಲಿ ಹೇಳಬೇಡ ಎಂದು ಬರೆದ. ಬೀಜಗಣಿತ ಕೇಳುತ್ತಿದ್ದಾನೆ ಎಂದೆ. ಉತ್ತರ ಟೈಪ್ ಮಾಡದೆ ಕೈ ಕಟ್ಟಿ ಕುಳಿತೆ.

ಅತ್ತೆ ಮೊರ ಕೆಳಗಿಟ್ಟು ನನ್ನ ಪಕ್ಕದಲ್ಲಿ ಬಂದು ಕುಳಿತಳು. "ಯಾರಿಗೂ ಹೇಳಬ್ಯಾಡ ಅಂದಾನೇನವ್ವಾ?"

ಅತ್ತುಬಿಟ್ಟೆ. ಎಲ್ಲವನ್ನೂ ಹೇಳಿದೆ. ಅವಳು ಒಂದು ಮಾತೂ ಬೈಯಲಿಲ್ಲ. ಎದ್ದು ಹೋಗಿ ಆ ಪೇದೆಗೆ ತಿಳಿಸಿದಳು. ಪೇದೆ ಹೇಳಿದಂತೆ, ಬರುತ್ತೇನೆ ಎಂದು ಅವನಿಗೆ ಉತ್ತರ ಬರೆದೆ. ಶನಿವಾರ ಕೋಠಿಯಲ್ಲಿ ಪೊಲೀಸರಿಗೆ ಸಿಕ್ಕಿಬಿದ್ದವನಿಗೆ ನನ್ನ ಅಪ್ಪನ ವಯಸ್ಸು.

ಇನ್ನು ಕಂಪ್ಯೂಟರ್ ಮುಟ್ಟಕೂಡದೆಂದು ಅಪ್ಪ ತಾಕೀತು ಮಾಡಿದ. ನಾಚಿಕೆಯಿಂದ ನಾನೂ ಮೂಲೆ ಹಿಡಿದೆ. ಮೂರನೆಯ ದಿನ ಅತ್ತೆ ಪಕ್ಕದ ಬೀದಿಯ ನಮ್ಮ ಮನೆಗೆ ಬಂದಳು.

"ತಪ್ಪು ಮಾಡಿದಾಂವ ಅಂವ. ಕೂಸಿಗೆ ಯಾಕ ಶಿಕ್ಷಾ ಕೊಡ್ತಿ, ತಮ್ಮಾ?"

ಅಪ್ಪ ಬಾಗಿಲಿನಿಂದ ಪಕ್ಕಕ್ಕೆ ಸರಿದ. ಅತ್ತೆ ನನ್ನ ಕೈ ಹಿಡಿದು ಸೆಂಟರಿಗೆ ನಡೆಸಿಕೊಂಡು ಹೋದಳು. ದಾರಿಯಲ್ಲಿ ಸಿಕ್ಕವರ ಮೇಲೆಲ್ಲ ರೇಗುವವಳು ಅಂದು ಯಾರ ಮೇಲೂ ರೇಗಲಿಲ್ಲ. ಅವಳ ಅಂಗೈ ಬೆವೆತು ತಣ್ಣಗಾಗಿತ್ತು. ಅವಳೂ ನನ್ನಷ್ಟೇ ಹೆದರಿದ್ದಾಳೆಂದು ಆಗ ಗೊತ್ತಾಯಿತು. ಆ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡೆ.